ಮನೆಯಲ್ಲಿಯೇ ಫ್ರೆಂಚ್ ಕಲಿಕೆ: ಪಾಠಕ್ರಮವನ್ನು ಆರಿಸುವ ಬಗೆ

ಹೈದರಾಬಾದಿನ ಅಮೀರ್‌ಪೇಟ್ ಎಂದೊಡನೆ ನೆನಪಿಗೆ ಬರುವುದು ಮೈತ್ರಿವನಂ ಸುತ್ತಮುತ್ತಲಿನ ತರಬೇತಿ ಕೇಂದ್ರಗಳ ಫಲಕಗಳ ಸಾಲು. ಕಂಪ್ಯೂಟರ್ ವಿದ್ಯೆಗೆ ಹೆಸರಾದ ಈ ಬಡಾವಣೆಯ ಆಸುಪಾಸಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಈಗ ಫ್ರೆಂಚಿನ ಮಾತೂ ಕೇಳಿಬರುತ್ತದೆ. ಇಂಟರ್‌ಮೀಡಿಯಟ್ ಓದುವ ಮಕ್ಕಳಿಗೆ ಅದು ಎರಡನೆಯ ಭಾಷೆ. ಕೆನಡಾಕ್ಕೆ ಹೋಗಬಯಸುವ ತರುಣರಿಗೆ ಅಂಕ ತಂದುಕೊಡುವ ಭಾಷೆ. ನಿವೃತ್ತರಿಗೆ ಮನಸ್ಸನ್ನು ಚುರುಕಾಗಿಡುವ ಹವ್ಯಾಸ. ತರಗತಿಗೆ ಹೋಗಲು ಬಿಡುವಿಲ್ಲದವರು ಮನೆಪಾಠದ ಪುಸ್ತಕ, ಧ್ವನಿಮುದ್ರಿಕೆ, ಮೊಬೈಲ್ ಪಾಠಗಳ ಮೊರೆಹೋಗುತ್ತಾರೆ. ಆದರೆ ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬಲ್ಲಿಯೇ ಹಲವರು ಎಡವುತ್ತಾರೆ.

ಹಾಗೆ ನೋಡಿದರೆ ಫ್ರೆಂಚರ ಪರಿಚಯ ಈ ನಗರಕ್ಕೆ ಹೊಸದಲ್ಲ. ಎರಡನೆಯ ನಿಜಾಮರ ಸೇನೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಂಡ್ (1755–1798) ಜನರ ಬಾಯಲ್ಲಿ ಮೂಸಾ ರಾಮ್ ಆದನು. ಮೂಸಾರಾಮ್‌ಬಾಗ್ ಎಂಬ ಸ್ಥಳನಾಮ ಇಂದಿಗೂ ಅವನನ್ನು ನೆನಪಿಸುತ್ತದೆ. ಅಂದು ಫ್ರೆಂಚರು ಇಲ್ಲಿಗೆ ಬಂದರು. ಇಂದು ಇಲ್ಲಿಯವರು ಆ ಭಾಷೆಯನ್ನರಸಿ ಹೊರಟಿದ್ದಾರೆ.

ಮೊದಲು ಗುರಿ, ಅನಂತರ ಪಾಠ

ಪಾಠಕ್ರಮವನ್ನು ಆರಿಸುವ ಮೊದಲು ಕಲಿಕೆಯ ಉದ್ದೇಶವನ್ನು ಖಚಿತಪಡಿಸಿಕೊಳ್ಳಬೇಕು. ಯೂರೋಪಿನ ಭಾಷಾ ಮಾನದಂಡವು 2001ರಲ್ಲಿ ಪ್ರಕಟವಾದ ಮೇಲೆ ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಾಗಿ ವಿಂಗಡಿಸುವುದು ರೂಢಿಯಾಗಿದೆ. ಫ್ರಾನ್ಸಿನ ಶಿಕ್ಷಣ ಇಲಾಖೆ ನೀಡುವ ಡೆಲ್ಫ್ ಪ್ರಮಾಣಪತ್ರಕ್ಕೆ ಕಾಲಮಿತಿಯಿಲ್ಲ. ಆದರೆ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವಲಸೆಗೆ ಆ ಪತ್ರ ಸಲ್ಲದು. ಅಲ್ಲಿಗೆ ಬೇಕಾದದ್ದು ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಪರೀಕ್ಷೆಯ ಫಲಿತಾಂಶ. ಅದಕ್ಕೆ ಎರಡು ವರ್ಷಗಳ ಮಾನ್ಯತೆ ಮಾತ್ರ. ಈ ವ್ಯತ್ಯಾಸವನ್ನು ಅರಿಯದೆ ಹಣವನ್ನೂ ವರ್ಷವನ್ನೂ ವ್ಯಯಮಾಡಿದವರ ನಿರಾಸೆ ಸಣ್ಣದಲ್ಲ.

ಓದು, ಬರಹ, ಆಲಿಸುವಿಕೆ, ಮಾತು ಈ ನಾಲ್ಕರಲ್ಲಿಯೂ ಕೆನಡಾದ ಏಳನೆಯ ಮಟ್ಟವನ್ನು ಮುಟ್ಟಿದವರಿಗೆ, ಇಂಗ್ಲಿಷೂ ತಕ್ಕಷ್ಟಿದ್ದರೆ, 50 ಹೆಚ್ಚುವರಿ ಅಂಕಗಳು ದೊರೆಯುತ್ತವೆ. ಈ ಮಟ್ಟ ಸ್ಥೂಲವಾಗಿ ಬಿ2 ಮೆಟ್ಟಿಲಿಗೆ ಸಮೀಪದ್ದು. ಬಿ2 ತಲುಪಲು ಸುಮಾರು 550ರಿಂದ 650 ಗಂಟೆಗಳ ಅಭ್ಯಾಸ ಬೇಕೆಂಬುದು ಸಾಮಾನ್ಯ ಅಂದಾಜು. ದಿನಕ್ಕೆ ಒಂದು ಗಂಟೆಯಂತೆ ತಪ್ಪದೆ ಓದಿದರೂ ಒಂದೂವರೆ ವರ್ಷ ಮೀರುತ್ತದೆ. ಹೀಗಿರುವಾಗ ‘ಮೂರು ತಿಂಗಳಲ್ಲಿ ಫ್ರೆಂಚ್’ ಎಂಬ ಜಾಹೀರಾತಿನ ಬೆಲೆ ಎಷ್ಟೆಂಬುದನ್ನು ಓದುಗರೇ ಊಹಿಸಬಹುದು.

ಕಿವಿಗೆ ಅಗ್ರಸ್ಥಾನ

ಮನೆಪಾಠದ ದೊಡ್ಡ ಅಪಾಯವೆಂದರೆ ಕಣ್ಣಿನಿಂದ ಮಾತ್ರ ಕಲಿಯುವುದು. ಫ್ರೆಂಚಿನಲ್ಲಿ ಬರೆಯುವುದೊಂದು, ನುಡಿಯುವುದೊಂದು. ಪ್ಯಾರಿಸ್ ಎಂದು ಬರೆದರೂ ಕಡೆಯ ‘ಸ್’ ನುಡಿಯುವುದಿಲ್ಲ. ಧ್ವನಿಯಿಲ್ಲದ ಪಾಠಕ್ರಮವನ್ನು, ಅದೆಷ್ಟೇ ಅಗ್ಗವಾಗಿದ್ದರೂ, ದೂರವಿಡುವುದೇ ಲೇಸು. ಬಹುತೇಕ ಪಾಠಗಳು ಇಂಗ್ಲಿಷಿನ ಮೂಲಕ ಕಲಿಸುತ್ತವೆ; ಆದರೆ ಉಚ್ಚಾರಣೆಯಲ್ಲಿ ಇಂಗ್ಲಿಷಿಗಿಂತ ಕನ್ನಡವೇ ಕೆಲವೆಡೆ ಒಳ್ಳೆಯ ಊರುಗೋಲು. ಇಂಗ್ಲಿಷಿನ ‘ಟೇಬಲ್’ ಫ್ರೆಂಚಿನಲ್ಲಿ ‘ತಾಬ್ಲ್’. ಅಲ್ಲಿಯ ತ, ದ ನಮ್ಮವುಗಳಂತೆ ದಂತ್ಯಾಕ್ಷರಗಳು. ನೀನು, ನೀವು ಎಂಬ ಭೇದವನ್ನು ಬಲ್ಲ ಕನ್ನಡಿಗರಿಗೆ ಅಲ್ಲಿಯ ‘ತ್ಯು’, ‘ವೂ’ಗಳ ಮರ್ಯಾದೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ತೊಡಕುಗಳೂ ಇವೆ. ತುಟಿಯನ್ನು ‘ಉ’ಕಾರಕ್ಕೆ ಸುತ್ತಿ ನಾಲಗೆಯನ್ನು ‘ಇ’ಕಾರದ ಸ್ಥಾನದಲ್ಲಿ ನಿಲ್ಲಿಸಿದರೆ ಹೊರಡುವ ಸ್ವರ ನಮ್ಮ ವರ್ಣಮಾಲೆಯಲ್ಲಿಲ್ಲ; ಅದು ತಪ್ಪಿದರೆ ಬೀದಿ ಎಂಬ ಮಾತು ಚಕ್ರವೆಂಬ ಅರ್ಥ ಕೊಡುತ್ತದೆ. ಮೂಗಿನಿಂದ ಹೊರಡುವ ಅನುನಾಸಿಕ ಸ್ವರಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿತರೆ ತಪ್ಪು ಉಚ್ಚಾರಣೆಯೇ ಬೇರೂರುತ್ತದೆ. ಇನ್ನು ಲಿಂಗದ ಮಾತು: ಕನ್ನಡದಲ್ಲಿ ನಪುಂಸಕವಾದ ಮೇಜು ಅಲ್ಲಿ ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಹಿಂದಿಯ ‘ಕಿತಾಬ್’ ಸ್ತ್ರೀಲಿಂಗವಾದ್ದರಿಂದ ನಮ್ಮ ನಗರದ ದಖನಿಯೂ ಇಲ್ಲಿ ಕೈಹಿಡಿಯದು. ಆದುದರಿಂದ ಪ್ರತಿ ನಾಮಪದವನ್ನೂ ಅದರ ‘ಲ’, ‘ಲಾ’ ಗುರುತಿನೊಡನೆಯೇ ಕಲಿಸುವ ಪಾಠವನ್ನು ಆರಿಸಬೇಕು.

ನೆನಪಿನ ನಿಯಮ

ಅಮೆರಿಕದ ಭಾಷಾತಜ್ಞ ಪಾಲ್ ಪಿಮ್ಸ್ಲರ್ 1967ರಲ್ಲಿ ಸ್ಮರಣೆಯ ಒಂದು ವೇಳಾಪಟ್ಟಿಯನ್ನು ಪ್ರಕಟಿಸಿದರು. ಹೊಸ ಪದವನ್ನು 5 ಸೆಕೆಂಡು, 25 ಸೆಕೆಂಡು, 2 ನಿಮಿಷ, 10 ನಿಮಿಷ, ಮುಂದೆ ಗಂಟೆ, ದಿನಗಳು ಹೀಗೆ ಅಂತರವನ್ನು ಹಿಗ್ಗಿಸುತ್ತ ನೆನಪಿಸಿಕೊಂಡರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬುದು ಅದರ ಸಾರ. ಅವರ ಹೆಸರಿನ ಪಾಠಗಳು ಬಾಯಿಮಾತಿಗೆ ಸಹಾಯಕ. ಓದು ಬರಹಕ್ಕೆ ಸಾಲವು. 1929ರಲ್ಲಿ ಆರಂಭವಾದ ಅಸಿಮಿಲ್ ಸಂಸ್ಥೆಯ ಪುಸ್ತಕಗಳು ದಿನಕ್ಕೊಂದು ಸಣ್ಣ ಸಂಭಾಷಣೆಯನ್ನು ಧ್ವನಿಯೊಡನೆ ಕೊಡುತ್ತವೆ. ಇವುಗಳ ಜೊತೆಗೆ ಸುಲಭ ಫ್ರೆಂಚಿನಲ್ಲಿ ದಿನವೂ ಹತ್ತು ನಿಮಿಷ ಸುದ್ದಿ ನೀಡುವ ಆರ್‌ಎಫ್‌ಐ ರೇಡಿಯೋ, ಮೆಟ್ಟಿಲು ಮೆಟ್ಟಿಲಾಗಿ ಪಾಠವಿರುವ ಟಿವಿ5 ಮೋಂದ್ ಇವೆರಡೂ ಉಚಿತ.

ಹಣ ಕಟ್ಟುವ ಮೊದಲು ಮಾದರಿ ಪಾಠವನ್ನು ಒಂದು ವಾರ ಪ್ರಯೋಗಿಸಿ ನೋಡಬೇಕು. ವಾರದ ಕೊನೆಗೆ ಪುಸ್ತಕ ಮುಚ್ಚಿ ಐದು ವಾಕ್ಯಗಳನ್ನು ಗಟ್ಟಿಯಾಗಿ ಹೇಳಲು ಬಂದರೆ ಅದು ತಕ್ಕ ಪಾಠ. ಆದರೂ ಯಾವ ಧ್ವನಿಮುದ್ರಿಕೆಯೂ ಕಲಿಯುವವರ ತಪ್ಪನ್ನು ಗುರುವಿನಂತೆ ತಿದ್ದದು. ವಾರಕ್ಕೊಮ್ಮೆಯಾದರೂ ಬಲ್ಲವರೊಡನೆ ಮಾತನಾಡುವ ಏರ್ಪಾಡು ಅಗತ್ಯ. ಅಲಿಯಾನ್ಸ್ ಫ್ರಾನ್ಸೇಸ್ ಸಂಸ್ಥೆಯೂ, 1958ರಲ್ಲಿ ಇಂಗ್ಲಿಷ್ ಸಂಸ್ಥೆಯಾಗಿ ಹುಟ್ಟಿ 2007ರಲ್ಲಿ ವಿಶ್ವವಿದ್ಯಾಲಯವಾದ ಇಫ್ಲೂ ಕೂಡ ಈ ನಗರದಲ್ಲಿಯೇ ಇವೆ.

ಆರೋಗ್ಯದ ದೃಷ್ಟಿ

ಹೊಸ ಭಾಷೆ ಮುಪ್ಪಿನ ಮರೆವನ್ನು ತಡೆಯುವುದೇ ಎಂದು ಹಿರಿಯರು ಕೇಳುವುದುಂಟು. ಈ ಬಗೆಗಿನ ಪ್ರಸಿದ್ಧ ಅಧ್ಯಯನವೊಂದು ಅಮೀರ್‌ಪೇಟ್‌ನ ಪಕ್ಕದ ಪಂಜಾಗುಟ್ಟದ ನಿಮ್ಸ್ ಆಸ್ಪತ್ರೆಯಲ್ಲಿಯೇ ನಡೆಯಿತು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಮಂದಿ ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದೇ ಭಾಷೆಯವರಿಗಿಂತ ದ್ವಿಭಾಷಿಗಳಲ್ಲಿ ರೋಗವು ಸರಾಸರಿ 4.5 ವರ್ಷ ತಡವಾಗಿ ತಲೆದೋರಿತ್ತು. ಓದುಬರಹ ಬಾರದವರಲ್ಲಿಯೂ ಈ ಅಂತರ ಕಂಡುಬಂದಿತು. ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಅರವತ್ತರಲ್ಲಿ ಫ್ರೆಂಚ್ ಕಲಿತರೆ ರೋಗ ಬಾರದೆಂದು ಇದರ ಅರ್ಥವಲ್ಲ. ಕನ್ನಡವನ್ನೂ ತೆಲುಗನ್ನೂ ನಿತ್ಯವೂ ಆಡುವ ಮನೆಯಲ್ಲಿ ಎರಡು ಭಾಷೆಗಳ ಸಂಪತ್ತು ಆಗಲೇ ಇದೆ ಎಂಬುದೇ ಇಲ್ಲಿಯ ಪಾಠ.

ಫ್ರೆಂಚಿಗೆ ಮೀಸಲಿಡುವ ಆ ಒಂದು ಗಂಟೆಯನ್ನು ಮನೆಯ ಕನ್ನಡ ಮಾತಿನಿಂದ ಕಡಿದುಕೊಳ್ಳಬಾರದು. ಹನಿ ಹನಿ ಕೂಡಿದರೆ ಹಳ್ಳ. ನಿತ್ಯದ ಅಭ್ಯಾಸವಿದ್ದಲ್ಲಿ ಸಾಧಾರಣ ಪಾಠವೂ ಫಲ ಕೊಡುತ್ತದೆ, ಅದಿಲ್ಲದಲ್ಲಿ ದುಬಾರಿಯ ಪಾಠವೂ ಕಪಾಟಿನಲ್ಲಿ ಧೂಳು ತಿನ್ನುತ್ತದೆ.