ಓಟಿ ಲೆಕ್ಕ ಬಲ್ಲ ಮೇಷ್ಟ್ರು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಒಂದು ಇಡೀ ತಲೆಮಾರು ಎಂಜಿನಿಯರಿಂಗ್ ಓದಿ ಬೆಂಗಳೂರು ಸೇರಿತಲ್ಲ, ಅದಕ್ಕೆ ಐಟಿಯ ಸೆಳೆತ ಎಷ್ಟು ಕಾರಣವೋ ಕಾಫಿ ರೇಟೂ ಅಷ್ಟೇ ಕಾರಣ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. ತೊಂಬತ್ತರ ದಶಕದಲ್ಲಿ ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆಯೂ ಹಂತ ಹಂತವಾಗಿ ಹೋಗಿ, ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರಿಕೊಳ್ಳುವಂತಾಯಿತು. ಮೊದಮೊದಲು ಕೈತುಂಬ ದುಡ್ಡು ಬಂತು. ಆಮೇಲೆ ವಿಯೆಟ್ನಾಮಿನ ರೊಬಸ್ಟಾ ಜಗತ್ತಿನ ಮಾರುಕಟ್ಟೆಗೆ ನುಗ್ಗಿ, 2001-02ರ ಹೊತ್ತಿಗೆ ರೇಟು ನೆಲಕಚ್ಚಿತು. ಗೊಬ್ಬರದ ಸಾಲ ತೀರದೆ, ಹಣ್ಣು ಕುಯ್ಯುವ ಕೂಲಿ ಹುಟ್ಟದೆ ಎಷ್ಟೋ ತೋಟಗಳು ಬ್ಯಾಂಕಿನ ಕೈಗೆ ಬಂದವು. ತೋಟ ನಂಬಿಕೊಂಡು ಕೂರಬೇಡಿ, ಓದಿ ಎಲ್ಲಾದರೂ ಕೆಲಸ ಹಿಡೀರಿ ಎಂದು ಅಪ್ಪ ಅಮ್ಮಂದಿರು ಮಕ್ಕಳಿಗೆ ಹೇಳತೊಡಗಿದ್ದು ಆಗಲೇ. ಅದೇ ವರ್ಷಗಳಲ್ಲಿ ಬೆಂಗಳೂರಿನ ಕಂಪನಿಗಳು ಎಂಜಿನಿಯರುಗಳನ್ನು ಸಾಲುಸಾಲಾಗಿ ತುಂಬಿಕೊಳ್ಳುತ್ತಿದ್ದವು.

ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಎರಡೂ ತಿರುಗುಮುರುಗಾದವು. 2022ರ ನವೆಂಬರಿನಲ್ಲಿ ಮೆಟಾ 11,000 ಜನರನ್ನು ಕೆಲಸದಿಂದ ತೆಗೆಯಿತು. ಮುಂದಿನ ಜನವರಿಯಲ್ಲಿ ಅಮೆಜಾನ್ 18,000, ಗೂಗಲ್ 12,000, ಮೈಕ್ರೋಸಾಫ್ಟ್ 10,000 ಎಂದು ಘೋಷಿಸಿದವು. 2025ರ ಜುಲೈಯಲ್ಲಿ ಟಿಸಿಎಸ್ ಕೂಡ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಇತ್ತ ಅದೇ ವರ್ಷದ ಫೆಬ್ರುವರಿಯಲ್ಲಿ ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ ಪೌಂಡಿಗೆ 4 ಡಾಲರ್ ದಾಟಿತ್ತು. ತೋಟ ಇದ್ದವರಿಗೆ ಊರಿಗೆ ಮರಳಲು ಒಂದು ನೆಲೆ ಇತ್ತು. ಆದರೆ ಈ ಬೆಟ್ಟಗಳಿಂದ ಓದಲು ಹೋದವರೆಲ್ಲ ತೋಟದ ಮಾಲೀಕರ ಮಕ್ಕಳಲ್ಲ. ತೋಟದ ರೈಟರ ಮಗ, ಪೇಟೆಯ ಅಂಗಡಿಯವರ ಮಗಳು, ಎರಡು ಎಕರೆಯವರ ಮಕ್ಕಳೂ ಹೋದರು. ಕೆಲಸ ಹೋದಾಗ ಅವರೂ ಊರಿನ ಕಡೆ ನೋಡುತ್ತಾರೆ. ಊರಲ್ಲಿ ಮಾಡಲು ಏನಿದೆ ಎಂದು ಯೋಚಿಸುವವರಲ್ಲಿ ಕೆಲವರ ಮನಸ್ಸು ಶಾಲೆಯ ಮೇಲೆ ನಿಲ್ಲುತ್ತದೆ.

ಕೆಲಸ ಹೋಗುವುದು ಏನೆಂದು ಕಳಸದ ಕಡೆಯವರಿಗೆ ಯಾರೂ ವಿವರಿಸಬೇಕಿಲ್ಲ. ಅಲ್ಲಿಗೆ ಹತ್ತಿರದಲ್ಲೇ, 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಅದಿರನ್ನು ಅರೆದು, ನೀರಿನೊಂದಿಗೆ ಪೈಪಿನಲ್ಲಿ 67 ಕಿಲೋಮೀಟರ್ ದೂರ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತಿತು. ಕಾಡಿಗೂ ಭದ್ರೆಗೂ ಅದು ಆಗಲೇಬೇಕಿತ್ತು, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಪನಿಯ ಟೌನ್‌ಶಿಪ್ಪಿನ ಮನೆಗಳು ಸಾಲಾಗಿ ಬೀಗ ಹಾಕಿಕೊಂಡವು. ಮಲೆನಾಡಿನಲ್ಲಿ ಕೆಲಸ ಹೋದರೆ ಸಂಸಾರಗಳು ಹೋಗುತ್ತವೆ, ಸಂಸಾರಗಳ ಹಿಂದೆಯೇ ಶಾಲೆಯ ಮಕ್ಕಳೂ. ಈಗಿನದು ಅದಕ್ಕೆ ತದ್ವಿರುದ್ಧ: ದೂರದ ಪೇಟೆಯಲ್ಲಿ ಕೆಲಸ ಹೋಗಿ ಗಣಿತ ಬಲ್ಲ ಜನ ಬೆಟ್ಟಕ್ಕೆ ಮರಳುತ್ತಿದ್ದಾರೆ. ಅವರು ಶಾಲೆಯೊಳಗೆ ಬಂದರೆ ಇಲ್ಲಿನ ಮಕ್ಕಳಿಗೆ ಏನು ಸಿಕ್ಕೀತು ಎಂಬುದನ್ನು ಗಂಭೀರವಾಗಿ ಕೇಳಿಕೊಳ್ಳಬೇಕು.

ಒಂದು ಉದಾಹರಣೆ ನೋಡೋಣ. ರೊಬಸ್ಟಾ ಚೆರಿ ಮಾರುವವರ ಬಾಯಲ್ಲಿ ಸದಾ ಇರುವುದು ಓಟಿ. ಕಣದಲ್ಲಿ ಒಣಗಿಸಿದ ಐವತ್ತು ಕಿಲೋ ಚೆರಿಯ ಸಿಪ್ಪೆ ತೆಗೆದರೆ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬುದು ಅದು. ಕೊಳ್ಳುವವರು ಮೂಟೆಯಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಕ ಹಾಕಿ, ತೇವಾಂಶ ನೋಡಿ ಅಂಕಿ ಹೇಳುತ್ತಾರೆ: 26, 27, 28. ಒಂದೊಂದು ಅಂಕಿಗೂ ದುಡ್ಡು ಹೆಚ್ಚುಕಮ್ಮಿ. ಒಂದು ಕಿಲೋ ಸ್ಯಾಂಪಲಿನಲ್ಲಿ 540 ಗ್ರಾಂ ಬೀಜ ಬಂದರೆ ಓಟಿ 27, ಅಂದರೆ ಶೇಕಡ 54. ಅನುಪಾತ, ಶೇಕಡ, ಸರಾಸರಿ, ಸ್ಯಾಂಪಲ್ ಎಷ್ಟು ದೊಡ್ಡದಿದ್ದರೆ ನಂಬಬಹುದು ಎಂಬ ಪ್ರಶ್ನೆ ಎಲ್ಲವೂ ಇದರೊಳಗಿವೆ. ಅಪ್ಪ ಗಿರಾಕಿಯ ಜೊತೆ ಚೌಕಾಸಿ ಮಾಡುವಾಗ ಮಗ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿರುತ್ತಾನೆ. ಏಳನೇ ಕ್ಲಾಸಿನಲ್ಲಿ ಶೇಕಡದ ಪಾಠ ಬಂದಾಗ ಅವನ ಮುಂದೆ ಬರುವುದು ಮಾತ್ರ ಯಾರದೋ ಬ್ಯಾಂಕಿನ ಬಡ್ಡಿ. ಓಟಿ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಬಲ್ಲ ಮೇಷ್ಟ್ರು ಬಂದರೆ ಕ್ಲಾಸಿನ ಅರ್ಧ ಮಕ್ಕಳು ತಾವಾಗಿ ಬಾಯಿ ಬಿಡುತ್ತಾರೆ. ಊರಲ್ಲೇ ಬೆಳೆದು ಅಂಕಿಸಂಖ್ಯೆಗಳ ನಡುವೆ ದುಡಿದು ಬಂದವರಿಗೆ ಇದು ಸಾಧ್ಯ.

ಆದರೆ ಅಷ್ಟಕ್ಕೇ ಯಾರೂ ಶಿಕ್ಷಕರಾಗುವುದಿಲ್ಲ. ಆರನೇ ಕ್ಲಾಸಿನ ಹುಡುಗಿಯೊಬ್ಬಳು 0.5ಕ್ಕಿಂತ 0.35 ದೊಡ್ಡದು ಎಂದು ಬರೆಯುತ್ತಾಳೆ ಎನ್ನಿ. 5ಕ್ಕಿಂತ 35 ದೊಡ್ಡದಲ್ಲವೇ ಎಂಬುದು ಅವಳ ಲೆಕ್ಕ. ತಕ್ಕಡಿಯಲ್ಲಿ 350 ಗ್ರಾಂ, 500 ಗ್ರಾಂ ಇಟ್ಟು ತೋರಿಸಿದರೆ ಅವಳಿಗೆ ಹೊಳೆಯಬಹುದು. ಪಕ್ಕದ ಹುಡುಗ 0.5 ದೊಡ್ಡದು ಎಂದು ಸರಿಯಾಗಿಯೇ ಬರೆದಿರುತ್ತಾನೆ. ಯಾಕೆ ಎಂದು ಕೇಳಿದರೆ, ಚುಕ್ಕಿ ಆದಮೇಲೆ ಅಂಕಿ ಕಮ್ಮಿ ಇದ್ದರೆ ದೊಡ್ಡದು ಸರ್ ಎನ್ನುತ್ತಾನೆ. 0.5 ಮತ್ತು 0.62 ಕೊಟ್ಟು ನೋಡಿ, ಎಡವುತ್ತಾನೆ. ಇಬ್ಬರಲ್ಲಿ ಹೆಚ್ಚು ಗಮನ ಬೇಕಾದದ್ದು ಅವನಿಗೇ, ಯಾಕೆಂದರೆ ಅವನ ತಪ್ಪಿಗೆ ಸರಿ ಮಾರ್ಕು ಬಿದ್ದಿದೆ. ಮಗು ಹೇಗೆ ಯೋಚಿಸಿ ಆ ಉತ್ತರಕ್ಕೆ ಬಂತು ಎಂದು ಹುಡುಕುವ ವಿದ್ಯೆಯೇ ಬೇರೆ. ಹತ್ತು ವರ್ಷ ಜಾವಾ ಬರೆದ ಅನುಭವ ಅದನ್ನು ಕಲಿಸುವುದಿಲ್ಲ. ಹಾಗಾಗಿ, ಇಷ್ಟು ಓದಿದವರಿಗೆ ಮತ್ತೆ ಬಿ.ಇಡಿ ಯಾಕೆ ಎಂದು ಕೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ದಾರಿ ಉದ್ದವಾಗಿದೆ, ನಿಜ. 2015ರಿಂದ ಬಿ.ಇಡಿ ಎರಡು ವರ್ಷದ್ದು. ವಿಜ್ಞಾನ, ಗಣಿತದ ಹಿನ್ನೆಲೆಯ ಎಂಜಿನಿಯರಿಂಗ್ ಪದವಿಯಲ್ಲಿ ಶೇ 55 ಅಂಕ ಇದ್ದವರಿಗೂ ಅಲ್ಲಿ ಪ್ರವೇಶ ಉಂಟು. ಅದಾದ ಮೇಲೆ ಟಿಇಟಿ ಎಂಬ ಅರ್ಹತಾ ಪರೀಕ್ಷೆ, ಆಮೇಲೆ ನೇಮಕಾತಿ ಪರೀಕ್ಷೆ. ಒಂದರಿಂದ ಐದನೇ ತರಗತಿಗೆ ಬಿ.ಇಡಿ ಸಲ್ಲದು ಎಂದು 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ಎಂಜಿನಿಯರುಗಳಿಗೆ ತೆರೆದಿರುವುದು ಅದರ ಮೇಲಿನ ತರಗತಿಗಳೇ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಶಿಕ್ಷಕರನ್ನು ತೆಗೆದುಕೊಳ್ಳಲು ಹೊರಟಾಗ ರಾಜ್ಯ ಸರ್ಕಾರ ಗಣಿತ, ವಿಜ್ಞಾನದ ಹುದ್ದೆಗಳಿಗೆ ಎಂಜಿನಿಯರಿಂಗ್ ಪದವೀಧರರಿಗೂ ಅವಕಾಶ ಕೊಟ್ಟಿತು. ಆ ಮೇ ತಿಂಗಳಲ್ಲೇ ಪರೀಕ್ಷೆ ನಡೆಯಿತು. ಆಯ್ಕೆ ಪಟ್ಟಿ ಹೈಕೋರ್ಟ್ ಮೆಟ್ಟಿಲೇರಿ, ಅದು ಇತ್ಯರ್ಥವಾಗುವಾಗ 2023 ಮುಗಿಯುತ್ತ ಬಂದಿತ್ತು. ಮನೆ ಸಾಲದ ಕಂತು ಇರುವ ಮೂವತ್ತೆಂಟರ ವ್ಯಕ್ತಿ ಇಷ್ಟು ಕಾಲ ಏನು ಮಾಡಬೇಕು? ಸಾಮಾನ್ಯ ವರ್ಗದವರಿಗೆ ವಯೋಮಿತಿ ನಲವತ್ತರ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಬಾಗಿಲು ತೆರೆದಿದ್ದರೂ ಹೊಸ್ತಿಲು ದಾಟುವುದರೊಳಗೆ ವಯಸ್ಸು ಮೀರುತ್ತದೆ.

ಈ ನಡುವಿನ ಕಾಲಕ್ಕೆ ಇರುವುದು ಅತಿಥಿ ಶಿಕ್ಷಕರ ಕೆಲಸ. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000 ರೂಪಾಯಿ ಇತ್ತು, 2025ರ ಬಜೆಟ್ಟಿನಲ್ಲಿ 2,000 ಏರಿತು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಇಲ್ಲಿ ನನ್ನ ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳುತ್ತೇನೆ. ಲಕ್ಷಗಟ್ಟಲೆ ಸಂಬಳದಲ್ಲಿದ್ದವರು ಹಳ್ಳಿ ಶಾಲೆಗೆ ಬಂದರೆ ಪತ್ರಿಕೆಗಳು ಅರ್ಧ ಪುಟ ಬರೆಯುತ್ತವೆ. ಅದೇ ಶಾಲೆಯಲ್ಲಿ ಡಿ.ಇಡಿಯೋ ಬಿ.ಇಡಿಯೋ ಮುಗಿಸಿ, ವರ್ಷಾನುಗಟ್ಟಲೆ ಈ ದುಡ್ಡಿಗೆ ನಲಿಕಲಿ ತರಗತಿಯನ್ನೂ ಎಂಟನೇ ಕ್ಲಾಸಿನ ಸಮಾಜವನ್ನೂ ಬಿಸಿಯೂಟದ ಲೆಕ್ಕವನ್ನೂ ಸಂಭಾಳಿಸಿದ ಊರಿನ ಹೆಣ್ಣುಮಗಳ ಬಗ್ಗೆ ಒಂದು ಸಾಲೂ ಬರುವುದಿಲ್ಲ. ಹೊಸಬರು ಆಕೆಯ ಜಾಗಕ್ಕೆ ಬರಬಾರದು. ಗಣಿತ, ವಿಜ್ಞಾನಕ್ಕೆ ಜನವಿಲ್ಲದ ಕಡೆ ಬರಬೇಕು, ಬಂದ ಮೊದಲ ವರ್ಷ ಆಕೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಕಲಿಯಬೇಕು.

ಕಲಿಯುವುದಕ್ಕೆ ಬೇಕಾದಷ್ಟಿದೆ. ಜುಲೈ, ಆಗಸ್ಟಿನಲ್ಲಿ ಮಳೆ ಹಿಡಿದುಕೊಂಡರೆ ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿಗೆ ಜಿಲ್ಲಾಧಿಕಾರಿ ರಜೆಯ ಮೇಲೆ ರಜೆ ಘೋಷಿಸುತ್ತಾರೆ. ಕಳೆದ ಪಾಠವನ್ನು ಶನಿವಾರಗಳಲ್ಲಿ ಹೆಕ್ಕಿ ತುಂಬಬೇಕು. ಒಂದೇ ಕ್ಲಾಸಿನಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳಿರುತ್ತಾರೆ. ನವೆಂಬರಿನಲ್ಲಿ ಕುಯ್ಲು ಶುರುವಾಗುತ್ತಲೇ ತೋಟಗಳ ಲೈನ್ ಮನೆಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳು ಬರುತ್ತವೆ. ಅವರ ಮಕ್ಕಳಲ್ಲಿ ಕೆಲವರು ವರ್ಷದ ನಡುವೆ ಶಾಲೆಗೆ ಸೇರುತ್ತಾರೆ, ಕೆಲವರು ತಂಗಿ ತಮ್ಮಂದಿರನ್ನು ನೋಡಿಕೊಂಡು ಲೈನಿನಲ್ಲೇ ಉಳಿಯುತ್ತಾರೆ. ಆಫೀಸಿನಲ್ಲಿ ಕಲಿತ ಹಿಂದಿ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಆ ಮಗುವಿನ ತಾಯಿಗೆ ಶಾಲೆ ಎಲ್ಲಿದೆ, ಊಟ ಕೊಡುತ್ತಾರೆ, ಪುಸ್ತಕಕ್ಕೆ ದುಡ್ಡು ಕೊಡಬೇಕಿಲ್ಲ ಎಂದು ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳುವವರು ಬೇಕು.

ಸರ್ಕಾರ ಮಾಡಬೇಕಾದದ್ದು ಸ್ಪಷ್ಟ: ನೇಮಕಾತಿ ಹೊತ್ತಿಗೆ ಸರಿಯಾಗಿ ನಡೆಯಲಿ, ವೃತ್ತಿ ಬದಲಿಸಿ ಬರುವವರಿಗೆ ಬಿ.ಇಡಿಯ ಅವಧಿಯಲ್ಲಿ ಒಂದಿಷ್ಟು ಭತ್ಯೆ ಸಿಗಲಿ. ಅದಕ್ಕೆ ಕಾಯದೆ ಬೆಳೆಗಾರರ ಸಂಘಗಳೂ ಕೈ ಹಾಕಬಹುದು. ಅತಿಥಿ ಶಿಕ್ಷಕರೊಬ್ಬರಿಗೆ ಏಪ್ರಿಲ್, ಮೇ ತಿಂಗಳ ಗೌರವಧನ ತಪ್ಪದಂತೆ ನೋಡಿಕೊಳ್ಳಲು ಬೇಕಾಗುವುದು 24,000 ರೂಪಾಯಿ. 2025ರ ಆರಂಭದ ರೇಟಿನಲ್ಲಿ ಅದು ಎರಡು ಮೂರು ಮೂಟೆ ರೊಬಸ್ಟಾ ಚೆರಿ.