ಶಿಶುವಿಹಾರದಲ್ಲಿ ಕಥಾಗೋಷ್ಠಿ

ಪುಣೆಯ ಕನ್ನಡ ಮನೆಯ ಮಗು ಬೀದಿಯಲ್ಲಿ ಮರಾಠಿಯನ್ನೂ ಶಾಲೆಯಲ್ಲಿ ಇಂಗ್ಲಿಷನ್ನೂ ಕಲಿಯುತ್ತದೆ. ತಾಯ್ನುಡಿ ಅಡಿಗೆಮನೆಯ ನಾಲ್ಕು ಮಾತುಗಳಿಗೆ ಸೀಮಿತವಾಗುವ ಭಯವುಂಟು. ಶಿಶುವಿಹಾರದ ವಯಸ್ಸಿನಲ್ಲಿಯೇ ನಾಲ್ಕೈದು ಮಕ್ಕಳ ಕಥಾಗೋಷ್ಠಿಯನ್ನು ಏರ್ಪಡಿಸುವುದು ಇದಕ್ಕೊಂದು ಸುಲಭೋಪಾಯ. ಓದುಬಾರದ ಮಗುವೂ ಕಥೆ ಕೇಳಿ ಆಲೋಚಿಸಬಲ್ಲದು.

ಪಂಜೆ ಮಂಗೇಶರಾಯರ (1874–1937) ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯನ್ನು ಆರಿಸಬಹುದು. ಅದರ ಹೆಸರೇ ಪ್ರಶ್ನೆಯಾಗಿದೆ. ಮೊದಲ ದಿನ ಹಿರಿಯರು ನಿಧಾನವಾಗಿ ಓದಲಿ. ಎರಡನೆಯ ದಿನ ಮತ್ತೊಮ್ಮೆ ಓದಿದ ಬಳಿಕ, ಮೆಚ್ಚಿದ ಪ್ರಸಂಗವನ್ನು ಮಕ್ಕಳು ಚಿತ್ರಿಸಲಿ. ಮೂರನೆಯ ದಿನ ಆ ಚಿತ್ರವನ್ನು ತೋರಿಸುತ್ತ ಸರದಿಯಂತೆ ಮಾತನಾಡಲಿ. ದಿನಕ್ಕೆ ಹದಿನೈದು ನಿಮಿಷ ಸಾಕು.

ಮಗು ಮರಾಠಿಯಲ್ಲಿ ಉತ್ತರಿಸಿದರೆ ಗದರಬಾರದು. ಅದೇ ಮಾತನ್ನು ಕನ್ನಡದಲ್ಲಿ ನುಡಿದು ಮುಂದುವರಿಯಬೇಕು. ಗದರಿಕೆಗೆ ಅಂಜಿದ ಮಗು ಮೌನವಾಗುತ್ತದೆ. ಮೌನದಲ್ಲಿ ಯಾವ ನುಡಿಯೂ ಬೆಳೆಯದು.