ಬಾವಿಯ ತಳದ ಗೊಂಡ್ವಾನಾ ಸಂತತಿ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ತಪ್ಪಲನ್ನು ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದಾಗ ಶಿಲಾಯುಗದ ಜನವಸತಿ ಬೆಳಕಿಗೆ ಬಂತು. ಮೂರೇ ವರ್ಷದಲ್ಲಿ, ಅದಕ್ಕಿಂತ ಎಷ್ಟೋ ಹಳೆಯ ವಂಶದ ಜೀವಿಯೊಂದು ಕಾಶಿಯ ಬಾವಿಗಳಲ್ಲಿರುವುದನ್ನು ಚೋಪ್ರಾ ಮತ್ತು ತಿವಾರಿ ವರದಿ ಮಾಡಿದರು. ಅದೇ ನಿಕಲ್ಸಿಯಾ ಕಾಶಿಯೆನ್ಸೆ. ಹೂಕುಂಡದ ಅಡಿಯಲ್ಲಿ, ಮುಟ್ಟಿದರೆ ಉಂಡೆಯಾಗುವ ಬೂದು ಹುಳವಿದೆಯಲ್ಲ, ಅದರ ದೂರದ ನೆಂಟ; ಎರಡೂ ಐಸೊಪಾಡ್‌ಗಳೇ.

ಐಸೊಪಾಡ್‌ಗಳಲ್ಲಿ ನಿಕಲ್ಸಿಯಾ ಸೇರಿದ ಗುಂಪಿನ ಪಳೆಯುಳಿಕೆಗಳು 30 ಕೋಟಿ ವರ್ಷ ಹಿಂದಕ್ಕೆ ಹೋಗುತ್ತವೆ. ಇಂದು ಬದುಕಿರುವ ಬಳಗವೆಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಮತ್ತು ಭಾರತದ ಸಿಹಿನೀರಿನಲ್ಲಿದೆ. ತಾಯಿ ಮೊಟ್ಟೆಗಳನ್ನು ಹೊಟ್ಟೆಯಡಿಯ ಚೀಲದಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ನೀರಲ್ಲಿ ತೇಲಿಹೋಗುವ ಎಳೆಯ ಹಂತವೇ ಇಲ್ಲ. ಕಡಲು ದಾಟುವ ಮಾತೆಲ್ಲಿ? ಈ ನೆಲಗಳೆಲ್ಲ ಕೂಡಿದ್ದ ಪ್ರಾಚೀನ ಮಹಾಖಂಡ ಗೊಂಡ್ವಾನಾ ಒಡೆದಾಗ ತಾವಿದ್ದ ನೆಲದ ಜೊತೆಗೇ ಇವೂ ಬೇರೆಯಾದವು.

2011ರಲ್ಲಿ ಆಂಧ್ರಪ್ರದೇಶದಿಂದ ಇದೇ ಗುಂಪಿನ ಹೊಸ ಕುಲವೇ ಬಂತು: ಆಂಧ್ರಕಾಯ್ಡಿಸ್ ಶಬುದ್ದೀನ್. ವಿವರಿಸಿದವರು ಆಸ್ಟ್ರೇಲಿಯಾದ ಜಾರ್ಜ್ ವಿಲ್ಸನ್ ಮತ್ತು ಗುಂಟೂರಿನ ವೈ. ರಂಗಾರೆಡ್ಡಿ. ಕಣ್ಣಿಲ್ಲ, ಮೈಗೆ ಬಣ್ಣವಿಲ್ಲ. ಉಗುರುಗಳು ಮಾತ್ರ ವಿಪರೀತ ದೊಡ್ಡವು. ಅದೇ ರಾಜ್ಯದ ಬೇಲಂ ಗುಹೆಯನ್ನು ಅಳೆದ ಜರ್ಮನ್ ಗುಹಾಶೋಧಕ ಡೇನಿಯಲ್ ಗೆಬಾವರ್ ಹೆಸರನ್ನು ಇದೇ ಕುಲದ ಇನ್ನೊಂದು ಪ್ರಭೇದ ಹೊತ್ತಿದೆ. ಅದರ ನೆಲೆ ಆಂಧ್ರದ ಸುಣ್ಣಕಲ್ಲಿನ ಗುಹೆಗಳು.

ಮೊಳಕಾಲ್ಮುರಿನಿಂದ ಬೇಲಂಗೆ ನೇರ ಗೆರೆ ಎಳೆದರೆ ಸುಮಾರು 150 ಕಿ.ಮೀ. ಆದರೆ ಇಂಥ ಜೀವಿಗಳ ನಕ್ಷೆಯಲ್ಲಿ ಕಾಣುವುದು ಅವು ಬದುಕಿರುವ ಜಾಗಗಳಿಗಿಂತ ಹೆಚ್ಚಾಗಿ ಯಾರೋ ಬಲೆ ಇಳಿಸಿ ನೋಡಿದ ಜಾಗಗಳು. ಮೊಳಕಾಲ್ಮುರಿನ ಪಕ್ಕದ ಚಳ್ಳಕೆರೆ ಸೀಮೆಯಲ್ಲಿ ಸುಣ್ಣಕಲ್ಲಿನ ಗುಹೆಗಳಿಲ್ಲ, ಇರುವುದು ಗಟ್ಟಿ ಬಂಡೆ. ಬಂಡೆಯ ಮೇಲಿನ ಶಿಥಿಲ ಪದರದಲ್ಲೂ ಬಿರುಕುಗಳಲ್ಲೂ ನೀರು ನಿಲ್ಲುತ್ತದೆ. ಹಳೆಯ ತೆರೆದ ಬಾವಿಗಳಿಗೆ ಜಲ ಬರುತ್ತಿದ್ದುದು ಅಲ್ಲಿಂದಲೇ. ಈಗ ಬೋರ್‌ವೆಲ್ ನೂರಾರು ಅಡಿ ಇಳಿದಿದೆ, ಮೇಲಿನ ಪದರ ಒಣಗಿದೆ. ಶೇಂಗಾ ಬೆಳೆಗಾರನ ನಷ್ಟವನ್ನು ಎಲ್ಲರೂ ಬಲ್ಲರು. ಅದೇ ಪದರದಲ್ಲಿ ಬದುಕುವ ಜೀವಿಗಳಿದ್ದರೆ ಅವುಗಳ ನಷ್ಟ ಯಾವ ಲೆಕ್ಕಕ್ಕೂ ಸೇರದು. ಇದು ಸಣ್ಣ ವಿಷಯವಲ್ಲ: ಅಂತರ್ಜಲದ ಕೊಳೆತ ಕಸವನ್ನೂ ಬ್ಯಾಕ್ಟೀರಿಯಾ ಪದರವನ್ನೂ ತಿನ್ನುವುದು ಅಲ್ಲಿನ ಇಂಥ ಪುಟ್ಟ ಜೀವಿಗಳೇ.

ಹುಡುಕಲು ದೊಡ್ಡ ಸಲಕರಣೆ ಬೇಕಿಲ್ಲ. ತೂಕ ಕಟ್ಟಿದ ಸಣ್ಣ ಕಣ್ಣಿನ ಬಲೆಯನ್ನು ಬಾವಿಗೆ ಬಿಟ್ಟು, ತಳದ ಕೆಸರು ಏಳುವಂತೆ ಮೇಲೆ ಕೆಳಗೆ ಆಡಿಸಿ, ನಿಧಾನವಾಗಿ ಎಳೆದುಕೊಳ್ಳಬೇಕು. ಮೋಟರ್ ಇಳಿಸಿದ ಬೋರ್‌ವೆಲ್ ಆದರೆ ಪೈಪಿನ ಬಾಯಿಗೇ ಬಲೆ ಕಟ್ಟಿ ನೀರು ಸೋಸಬಹುದು. ಸಿಕ್ಕಿದ್ದನ್ನು ಆಲ್ಕೋಹಾಲ್‌ನಲ್ಲಿಟ್ಟು ಸೂಕ್ಷ್ಮದರ್ಶಕದಡಿ ನೋಡಿದರಾಯಿತು. ಚಳ್ಳಕೆರೆಯ ಕಾಲೇಜಿನ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳಿಗೂ ಇದು ಕೈಗೆಟುಕುವ ಕೆಲಸ. ಪಾಳುಬಾವಿಗಳನ್ನು ಮಣ್ಣು ತುಂಬಿ ಮುಚ್ಚುವ ಮೊದಲೇ ಅದು ಆಗಬೇಕು.